ತಾಕತ್ತಿನ ಡಬ್ಬಿ, ದಿನದ ಗುಳಿಗೆ

ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದ ಫಾರ್ಮಸಿಸ್ಟ್ ಆದವಳಿಗೆ ಗುಳಿಗೆ ಕೊಡುವಷ್ಟೇ ಎಣಿಸುವ ಕೆಲಸವೂ ಇರುತ್ತದೆ. ಬಂದವರು ಹಳೆಯ ಡಬ್ಬಿ ತರಬೇಕು, ಉಳಿದದ್ದನ್ನು ನಾನು ಎಣಿಸಬೇಕು. ನಡುವೆ ದಿನ ತಪ್ಪಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಡಬ್ಬಿಗಾಗಿ ಚೀಲಕ್ಕೆ ಕೈ ಹಾಕಿದಾಗ ಬೇರೆಯವೂ ಹೊರಬರುತ್ತವೆ: ಪ್ರೋಟೀನ್ ಪುಡಿ, ನೋನಿ ರಸ, ಬಣ್ಣಬಣ್ಣದ ಮಲ್ಟಿವಿಟಮಿನ್. ನಮ್ಮ ಬಾಗಲಕೋಟೆ ಕಡೆ ಇವಕ್ಕೆಲ್ಲ ಒಂದೇ ಹೆಸರು, ‘ತಾಕತ್ತಿನ ಗುಳಿಗಿ’.

“ಅಕ್ಕಾರ, ಇದನ್ನ ತಗೊಂಡ್ರ ಸಿಡಿ-4 ಏರತೈತಂತ ಹೇಳ್ಯಾರ್ರೀ” ಅಂದರು ಒಬ್ಬ ಲಾರಿ ಡ್ರೈವರ್. ಡಬ್ಬಿಗೆ ಎರಡು ಸಾವಿರ ತೆತ್ತಿದ್ದರು. ಅವರ ಸಿಡಿ-4, ಅಂದರೆ ರೋಗದೊಡನೆ ಹೋರಾಡುವ ರಕ್ತಕಣಗಳ ಎಣಿಕೆ, ಏರಿದ್ದೇನೋ ನಿಜ, ಆದರೆ ಏರಿಸಿದ್ದು ನಾವು ಪುಕ್ಕಟೆ ಕೊಡುವ ಗುಳಿಗೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಈ ಗುಳಿಗೆ ವೈರಸ್ಸಿನ ಸಂತಾನ ಬೆಳೆಯದಂತೆ ತಡೆಯುತ್ತದೆ. ಯಾವ ವಿಟಮಿನ್ನಿಗೂ ಆ ಕೆಲಸ ಬರುವುದಿಲ್ಲ.

ಹಾಗಂತ ವಿಟಮಿನ್ ಬರೀ ಬೂದಿ ಎನ್ನಲಾರೆ. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 1995ರಿಂದ 1997ರ ನಡುವೆ ಎಚ್‌ಐವಿ ಇದ್ದ 1,078 ಗರ್ಭಿಣಿಯರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಅಲ್ಲಿಗೆ ಎಆರ್‌ಟಿ ಇನ್ನೂ ಬಂದಿರಲಿಲ್ಲ. ಬಿ, ಸಿ, ಇ ವಿಟಮಿನ್‌ಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ ಶೇ. 24.7 ಮಂದಿಗೆ ಕಾಯಿಲೆ ಕೊನೆಯ ಹಂತ ತಲುಪಿತು, ಇಲ್ಲವೇ ಸಾವು ಬಂತು. ಔಷಧವಿಲ್ಲದ ಸಪ್ಪೆ ಗುಳಿಗೆ ಪಡೆದವರಲ್ಲಿ ಇದು ಶೇ. 31.1. ಇದೇ ಅಧ್ಯಯನದಲ್ಲಿ ವಿಟಮಿನ್ ಎ ತೆಗೆದುಕೊಂಡ ತಾಯಂದಿರಿಂದ ಮಕ್ಕಳಿಗೆ ಸೋಂಕು ಹರಡುವುದು ಹೆಚ್ಚಾಯಿತು! ವಿಟಮಿನ್ ಅಲ್ಲವೇ, ಏನಾದೀತು ಎನ್ನುವವರಿಗೆ ನಾನು ಹೇಳುವುದು ಇದನ್ನೇ.

2004ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಮತಿಯಾಸ್ ರಾತ್ ಎಂಬ ಜರ್ಮನ್ ವೈದ್ಯ ದಕ್ಷಿಣ ಆಫ್ರಿಕಾದಲ್ಲಿ ತನ್ನ ವಿಟಮಿನ್‌ಗಳ ಜಾಹೀರಾತಿಗೆ ಬಳಸಿಕೊಂಡ. ಎಆರ್‌ಟಿಯೇ ವಿಷ ಎಂದು ಸಾರಿದ. ಅಧ್ಯಯನ ನಡೆಸಿದ ಹಾರ್ವರ್ಡ್ ವಿಜ್ಞಾನಿಗಳು, ನಮ್ಮ ಮಾತಿನ ಅರ್ಥ ಅದಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ಕೇಪ್ ಟೌನಿನ ಬಡವರ ಬಡಾವಣೆ ಖಯೆಲಿತ್ಶಾದಲ್ಲಿ ಅವನು ನಡೆಸಿದ ವಿಟಮಿನ್ ಪ್ರಯೋಗ ಕಾನೂನುಬಾಹಿರ ಎಂದು ಅಲ್ಲಿನ ಹೈಕೋರ್ಟ್ 2008ರಲ್ಲಿ ತೀರ್ಪಿತ್ತಿತು.

ಎಆರ್‌ಟಿ ಸಿಕ್ಕ ಮೇಲೆ ಲೆಕ್ಕವೇ ಬದಲಾಯಿತು. ತಾಂಜಾನಿಯಾದಲ್ಲೇ ಎಆರ್‌ಟಿ ಶುರುಮಾಡಿದ 3,418 ಜನರಿಗೆ ಸಾಧಾರಣ ಪ್ರಮಾಣದ ಅಥವಾ ಅದರ ಹಲವು ಪಟ್ಟಿನ ವಿಟಮಿನ್ ಕೊಟ್ಟು ನೋಡಿದರು. ಹೆಚ್ಚು ಕೊಟ್ಟದ್ದಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಹೆಚ್ಚುವ ಎಎಲ್‌ಟಿ ಎಂಬ ಕಿಣ್ವ ಏರತೊಡಗಿತೆಂದು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.

ನನ್ನ ಕೌಂಟರಿನಲ್ಲಿ ದಿನಾ ಕಾಡುವುದು ಮಾತ್ರ ಇನ್ನೊಂದು ಸಂಗತಿ. ಡೊಲುಟೆಗ್ರಾವಿರ್‌ಗೆ ಕ್ಯಾಲ್ಸಿಯಂ, ಕಬ್ಬಿಣ, ಸತು ಕಂಡರೆ ಸಾಕು, ಕರುಳಿನಲ್ಲೇ ತಬ್ಬಿಕೊಂಡುಬಿಡುತ್ತದೆ, ರಕ್ತಕ್ಕೆ ಇಳಿಯುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಜೊತೆಗೇ ನುಂಗಿದರೆ ಕ್ಯಾಲ್ಸಿಯಂನಿಂದ ಶೇ. 39ರಷ್ಟು, ಕಬ್ಬಿಣದಿಂದ ಶೇ. 54ರಷ್ಟು ಔಷಧ ಕಡಿಮೆಯಾಗುತ್ತದೆ. ಊಟದ ಜೊತೆ ಒಟ್ಟಿಗೆ ತೆಗೆದುಕೊಂಡರೆ ಈ ತೊಂದರೆ ಇಲ್ಲ. ಇಲ್ಲವಾದರೆ ಇವುಗಳಿಗಿಂತ 2 ತಾಸು ಮೊದಲು ಅಥವಾ 6 ತಾಸು ನಂತರ ಎಆರ್‌ಟಿ ಗುಳಿಗೆ ನುಂಗಬೇಕು. ಇದು ಹೆಚ್ಚು ತಟ್ಟುವುದು ಬಸುರಿಯರಿಗೆ. ಆಶಾ ಕಾರ್ಯಕರ್ತೆ ಕೆಂಪು ಐರನ್ ಗುಳಿಗೆ, ಕ್ಯಾಲ್ಸಿಯಂ ಎರಡನ್ನೂ ಕೊಟ್ಟಿರುತ್ತಾರೆ. ಎಚ್‌ಐವಿ ವಿಷಯವನ್ನು ಹೆಚ್ಚಿನವರು ಆಕೆಗೆ ಹೇಳಿರುವುದಿಲ್ಲ, ಹೇಳಲೇಬೇಕೆಂದೂ ಇಲ್ಲ. ಹಾಗಾಗಿ ವೇಳೆ ಹೊಂದಿಸಿಕೊಡುವವರು ನಾವೇ.

“ಮುಂಜಾನೆ ಎದ್ದ ಕೂಡ್ಲೆ 6ಕ್ಕ ನಮ್ಮ ಗುಳಿಗಿ. 9ಕ್ಕ ನಾಷ್ಟಾ ಆದಮ್ಯಾಲ ಕ್ಯಾಲ್ಸಿಯಂ. ಮಧ್ಯಾಹ್ನ ಕೆಂಪು ಗುಳಿಗಿ. ರಾತ್ರಿ ಉಂಡಮ್ಯಾಲ ಮತ್ತ ಕ್ಯಾಲ್ಸಿಯಂ. ತಿಳೀತೇನವ್ವಾ?” ಓದು ಬಾರದವರಿಗೆ ಸೂರ್ಯ, ಚಂದ್ರ ಬರೆದುಕೊಡುತ್ತೇನೆ.

ಯಾರೂ ಕೇಳಿ ಪಡೆಯದ ಒಂದು ವಿಟಮಿನ್ನನ್ನು ನಾವೇ ಕೈಗಿಡುತ್ತೇವೆ, ಬಿ-6. ಕ್ಷಯ ಬಾರದಿರಲೆಂದು ಕೊಡುವ ಐಸೋನಿಯಾಜಿಡ್ ದೇಹದ ಬಿ-6 ಅನ್ನು ಕುಗ್ಗಿಸಿ ಪಾದ ಜುಂ ಅನ್ನಿಸುತ್ತದೆ; ಅದಕ್ಕೆ ಈ ಸಣ್ಣ ಗುಳಿಗೆ ಆಸರೆ. ತೀರಾ ಅಗ್ಗದ್ದು. ಬಣ್ಣದ ಡಬ್ಬಿ ಇಲ್ಲದ್ದಕ್ಕೋ ಏನೋ, ಮನೆಯಲ್ಲೇ ಮರೆತು ಬರುವುದೂ ಹೆಚ್ಚಾಗಿ ಇದನ್ನೇ. ಪರೀಕ್ಷೆಯಲ್ಲಿ ಬಿ-12, ವಿಟಮಿನ್ ಡಿ ಕಡಿಮೆ ಬಂದರೆ ಡಾಕ್ಟರೇ ಬರೆದುಕೊಡುತ್ತಾರೆ. ಉಳಿದವರು ಆ ಎರಡು ಸಾವಿರದಲ್ಲಿ ತತ್ತಿ, ಶೇಂಗಾ, ಬೇಳೆ ತಂದು ಉಂಡರೆ ನನಗೆ ಹೆಚ್ಚು ಸಮಾಧಾನ.

ಆ ಡ್ರೈವರ್ ಹೊರಡುವಾಗ ಹೊಟ್ಟೆ ಉರಿಗೆ ಏನಾದರೂ ಕುಡಿಯುತ್ತೀರಾ ಎಂದು ಕೇಳಿದೆ. ಢಾಬಾ ಊಟದವರನ್ನು ಇದೊಂದು ಕೇಳದೆ ಬಿಡುವುದಿಲ್ಲ. ಶರ್ಟಿನ ಜೇಬಿನಿಂದ ಅರ್ಧ ಖಾಲಿಯಾದ ಆಂಟಾಸಿಡ್ ಬಾಟಲಿ ತೆಗೆದರು. ಅದರ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್ ಅನ್ನು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಹಾಕುತ್ತವೆ. ಜೊತೆಗೇ ಕುಡಿದರೆ ಸುಮಾರು ಮುಕ್ಕಾಲು ಪಾಲು ಔಷಧ ದಂಡ. ಊಟ ಮಾಡಿದರೂ ಇದಕ್ಕೆ ವಿನಾಯಿತಿ ಇಲ್ಲ. 2 ತಾಸು, 6 ತಾಸಿನ ಲೆಕ್ಕವನ್ನು ಅದರ ಮೇಲೇ ಪೆನ್ನಿನಲ್ಲಿ ಬರೆದುಕೊಟ್ಟೆ.