ಸಿದ್ಧಕಟ್ಟೆಯಿಂದ ಮಂಗಳೂರಿಗೆ: ಕಡಿಮೆ ಖರ್ಚಲ್ಲಿ ಮಕ್ಕಳ ಜೊತೆ ಒಂದು ದಿನ

ಇವತ್ತಿನ ಮಾತು ಒಂದು ವಾಯ್ಸ್ ಮೆಸೇಜ್‌ನಿಂದ ಶುರು. ಕಳಿಸಿದವರು ಸಿದ್ಧಕಟ್ಟೆ ಕಡೆಯ ಒಬ್ಬ ಅಕ್ಕ. ಅವರು ಮನೆಯಲ್ಲಿ ಬೀಡಿ ಕಟ್ಟುತ್ತಾರೆ, ಗಂಡ ಕೂಲಿ ಕೆಲಸಕ್ಕೆ ಹೋಗುತ್ತಾರೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. "ಮಕ್ಕಳಿಗೆ ಸಮುದ್ರ ತೋರಿಸ್ಬೇಕು, ಆದ್ರೆ ಬಸ್ಸಿಗೇ ದುಡ್ಡು ಮುಗೀತದೆ ಅಲ್ವಾ? ಫ್ರೀ ಬಸ್ ಅಂತಾರೆ, ನಮ್ಮ ಊರಲ್ಲಿ ಅದು ಎಲ್ಲುಂಟು?" ಅಂತ ಕೇಳಿದ್ದಾರೆ.

ಅಕ್ಕನ ಪ್ರಶ್ನೆ ಸರಿಯಾಗಿಯೇ ಉಂಟು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ಹಳ್ಳಿ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್. ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ಬೇರೆ ಜಿಲ್ಲೆಯ ಹೆಂಗಸರು ಮನೆ ಎದುರಿಂದಲೇ ಫ್ರೀಯಾಗಿ ಹತ್ತಿ ಹೋಗುವಾಗ, ನಮ್ಮಲ್ಲಿ ಬೀಡಿ ಬ್ರಾಂಚಿಗೆ ಹೋಗುವವರೂ ಕೈಯಿಂದಲೇ ಟಿಕೆಟ್ ತೆಗೆಯಬೇಕು. ಯೋಜನೆಯ ಬಗ್ಗೆ ಎಷ್ಟೋ ಚರ್ಚೆ ಆಯಿತು, ಈ ಒಂದು ವಿಷಯ ಮಾತ್ರ ನಮ್ಮ ಕರಾವಳಿ ಬಿಟ್ಟು ಹೊರಗೆ ಹೆಚ್ಚು ಕೇಳಿಸಲಿಲ್ಲ ಅಂತ ನನ್ನ ಅಭಿಪ್ರಾಯ.

ಆದರೂ ಒಂದು ದಾರಿ ಉಂಟು, ಅದು ಬಿ.ಸಿ.ರೋಡಿನಲ್ಲಿ. ಸಿದ್ಧಕಟ್ಟೆಯಿಂದ ಬಂಟ್ವಾಳ ದಾಟಿ ಬಿ.ಸಿ.ರೋಡಿನವರೆಗೆ ಪ್ರೈವೇಟ್ ಬಸ್ಸಿನಲ್ಲಿ ಹೋಗಿ ಅಲ್ಲಿ ಇಳಿಯಿರಿ. ಧರ್ಮಸ್ಥಳ, ಪುತ್ತೂರು ಕಡೆಯಿಂದ ಬರುವ ಕೆಎಸ್ಸಾರ್ಟಿಸಿ ಬಸ್ಸುಗಳು ಅಲ್ಲಿಂದಲೇ ಮಂಗಳೂರಿಗೆ ಹೋಗುವುದು. ಸಾಮಾನ್ಯ ಬಸ್ಸೂ ಆಗ್ತದೆ, ಎಕ್ಸ್‌ಪ್ರೆಸ್ಸೂ ಆಗ್ತದೆ. ರಾಜಹಂಸ, ಐರಾವತ ಆಗುವುದಿಲ್ಲ. ಆಧಾರ್ ಕಾರ್ಡ್ ಹಿಡಿದುಕೊಳ್ಳಿ, ಮಗಳದ್ದೂ ಸೇರಿಸಿ. ಫ್ರೀ ಅಂತ ಸುಮ್ಮನೆ ಕೂರಬೇಡಿ, ಕಂಡಕ್ಟರಲ್ಲಿ ಶೂನ್ಯ ಟಿಕೆಟ್ ಕೇಳಿ ತೆಗೊಳ್ಳಿ.

ಈಗ ಲೆಕ್ಕ ನೋಡಿ. ಅಕ್ಕನಿಗೆ ಶೂನ್ಯ ಟಿಕೆಟ್. ಮಗಳಿಗೂ ಶೂನ್ಯ ಟಿಕೆಟ್, ಯಾಕಂದ್ರೆ ಹೆಣ್ಣುಮಕ್ಕಳೂ ಯೋಜನೆಯಲ್ಲಿ ಬರ್ತಾರೆ. ಮಗನಿಗೆ ಆರು ತುಂಬದ ಕಾರಣ ಕೆಎಸ್ಸಾರ್ಟಿಸಿಯಲ್ಲಿ ಟಿಕೆಟ್ಟೇ ಇಲ್ಲ. ಬಿ.ಸಿ.ರೋಡಿನಿಂದ ಮಂಗಳೂರಿಗೆ ನಾಲ್ಕು ಜನ ಹೋದರೂ ದುಡ್ಡು ಕೊಡುವವರು ಭಾವ ಒಬ್ಬರೇ. ವಾಪಸ್ ಬರುವಾಗಲೂ ಅಷ್ಟೇ. ಹುಡುಗನಿಗೆ ಆರು ದಾಟಿದ ಮೇಲೆ ಹನ್ನೆರಡರವರೆಗೆ ಅರ್ಧ ಟಿಕೆಟ್. ಹೋಗುವ ಯೋಚನೆ ಇದ್ದರೆ ಈ ವರ್ಷವೇ ಹೋಗಿ ಬನ್ನಿ ಮಾರಾಯ್ರೆ!

ಮಂಗಳೂರಿನಲ್ಲಿ ಎಲ್ಲವನ್ನೂ ಒಂದೇ ದಿನ ನೋಡಲು ಹೊರಡಬೇಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಿಟಿ ಬಸ್, ರಿಕ್ಷಾ ಅಂತ ಹತ್ತಿ ಇಳಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗ್ತದೆ. ಎರಡು ಜಾಗ ಸಾಕು.

ಬೆಳಿಗ್ಗೆ ಜ್ಯೋತಿಯಲ್ಲಿ ಇಳಿದು ಲೈಟ್‌ಹೌಸ್ ಹಿಲ್ ಕಡೆ ನಡೆದರೆ ಸಂತ ಅಲೋಶಿಯಸ್ ಚಾಪೆಲ್ ಸಿಗ್ತದೆ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವ ಜೆಸ್ವಿಟ್ ಬ್ರದರ್ 1899ರಿಂದ ಸುಮಾರು ಎರಡು ವರ್ಷ ಕೂತು ಗೋಡೆ, ಮಾಡು ಎಲ್ಲ ಚಿತ್ರದಿಂದ ತುಂಬಿಸಿದ್ದಾರೆ. ಮಕ್ಕಳಿಗೆ ಕತ್ತು ಎತ್ತಿ ನೋಡಲು ಹೇಳಿ. ಅದು ಪ್ರಾರ್ಥನೆ ನಡೆಯುವ ಜಾಗ, ಆದ್ದರಿಂದ ತೆರೆದಿರುವ ಸಮಯ ಮೊದಲೇ ವಿಚಾರಿಸಿ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ.

ಅಲ್ಲಿಂದ ಸ್ಟೇಟ್‌ಬ್ಯಾಂಕಿಗೆ ಇಳಿದು ಬೋಳೂರಿನ ಸುಲ್ತಾನ್ ಬತ್ತೇರಿಗೆ ಸಿಟಿ ಬಸ್. ಗುರುಪುರ ಹೊಳೆಗೆ ಶತ್ರುಗಳ ಹಡಗು ನುಗ್ಗಬಾರದು ಅಂತ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು ಅದು. ಚಿಕ್ಕದು, ಹತ್ತೇ ನಿಮಿಷದಲ್ಲಿ ನೋಡಿ ಮುಗೀತದೆ. ಆದರೆ ಮಕ್ಕಳಿಗೆ ನಿಜವಾದ ಖುಷಿ ಅಲ್ಲಿಂದ ಮುಂದೆ. ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ದಡ ತಣ್ಣೀರುಬಾವಿ, ಅಲ್ಲಿಂದ ಮುಂದೆ ಸಮುದ್ರ. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು ಸೇತುವೆ ಸುತ್ತಿ ಬರಬೇಕು.

ದೋಣಿಯಲ್ಲಿ ಕೂತಾಗ ಮಕ್ಕಳಿಗೆ ಒಂದು ವಿಷಯ ಹೇಳಿ. ಈ ಗುರುಪುರ ಹೊಳೆ ಬೇರೆ ಅಲ್ಲ, ನಮ್ಮ ಫಲ್ಗುಣಿಯೇ. ವೇಣೂರಿನಲ್ಲಿ 1604ರ ಗೊಮ್ಮಟನ ಹತ್ತಿರ ಹರಿಯುವ ನೀರೇ ಪೊಳಲಿ, ಗುರುಪುರ ದಾಟಿ ಇಲ್ಲಿಗೆ ಬಂದು ಸಮುದ್ರ ಸೇರುವುದು. ಊರಿನ ಹೊಳೆ ಸಮುದ್ರಕ್ಕೆ ಸೇರುವುದನ್ನು ಕಣ್ಣಾರೆ ನೋಡಿದ ಮಕ್ಕಳಿಗೆ ಭೂಗೋಳದ ಪಾಠ ಬೇರೆ ಬೇಕಾ?

ಪಿಲಿಕುಳದ ಬಗ್ಗೆಯೂ ಕೇಳ್ತೀರಿ ಅಂತ ಗೊತ್ತು. ಒಳ್ಳೆಯ ಜಾಗ, ಮೂಡುಬಿದಿರೆಯಿಂದ ಮಂಗಳೂರಿಗೆ ಬರುವ ದಾರಿಯಲ್ಲೇ, ವಾಮಂಜೂರಿನ ಹತ್ತಿರ. ಆದರೆ ಮೃಗಾಲಯ, ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ತ್ರೀಡಿ ತಾರಾಲಯ, ಎಲ್ಲದಕ್ಕೂ ಟಿಕೆಟ್ ಆಗ್ತದೆ. ನಾಲ್ಕು ಜನಕ್ಕೆ ಗುಣಿಸಿ ನೋಡಿ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಅದೂ ಸೋಮವಾರ ಬಿಟ್ಟು, ಮೃಗಾಲಯಕ್ಕೆ ಅವತ್ತು ರಜೆ.

ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಒಂದು ಬಾಟಲಿ ಮಜ್ಜಿಗೆ, ಕುಡಿಯುವ ನೀರು. ಬೀಚಿನಲ್ಲಿ ಚರುಮುರಿ ತಿನ್ನದೆ ಬಂದರೆ ಮಕ್ಕಳು ಬಿಡುವುದಿಲ್ಲ, ಅಷ್ಟು ಖರ್ಚು ಮಾಡಿ. ಗಡ್‌ಬಡ್ ಐಸ್‌ಕ್ರೀಮ್ ಆಸೆ ಆದರೆ ಒಂದೇ ತೆಗೊಂಡು ನಾಲ್ಕು ಚಮಚ ಕೇಳಿ, ಯಾರೂ ನಗುವುದಿಲ್ಲ. ಮಾಲ್ ಒಳಗೆ ಹೋಗಲು ದುಡ್ಡಿಲ್ಲ ಅಂತ ನುಗ್ಗಬೇಡಿ, ಹೊರಗೆ ಬರುವಾಗ ದುಡ್ಡು ಬೇಕಾಗ್ತದೆ.

ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಈ ಕಾರ್ಯಕ್ರಮ ಬೇಡ, ಆಗ ಸಮುದ್ರದ ಸೆಳೆತ ಜೋರು, ದೋಣಿಯೂ ನಿಲ್ಲುವುದುಂಟು. ಬೇರೆ ಸಮಯದಲ್ಲೂ ಮಕ್ಕಳ ಕೈ ಬಿಡಬೇಡಿ, ಮೊಣಕಾಲಿನಷ್ಟು ನೀರು ಸಾಕು. ಇನ್ನೊಂದು, ಬಿ.ಸಿ.ರೋಡಿನಿಂದ ಸಿದ್ಧಕಟ್ಟೆಗೆ ಕೊನೆಯ ಬಸ್ ಎಷ್ಟೊತ್ತಿಗೆ ಅಂತ ಬೆಳಿಗ್ಗೆ ಹೋಗುವಾಗಲೇ ಕಂಡಕ್ಟರಲ್ಲಿ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ರಿಕ್ಷಾ ಬಾಡಿಗೆಗೇ ಇಡೀ ದಿನದ ಉಳಿತಾಯ ಹೋಗ್ತದೆ. ಸೂರ್ಯ ಮುಳುಗುವುದನ್ನು ನೋಡಿಯೇ ಬರುತ್ತೇವೆ ಅಂತ ಮಕ್ಕಳು ಹಠ ಮಾಡಿಯಾರು, ಕೊನೆಯ ಬಸ್ಸಿನ ಸಮಯ ನೋಡಿ ಒಪ್ಪಿಕೊಳ್ಳಿ.