ರೈಲು ಎಷ್ಟು ಹೊತ್ತು ನಿಲ್ಲಬೇಕು? ಬಾಗಿಲಿನ ಲೆಕ್ಕ

ರೈಲು ತಡವಾದರೆ ನಾವು ಮೊದಲು ದೂರುವುದು ಅದರ ವೇಗವನ್ನು. ಆದರೆ ನಿಲ್ದಾಣದಲ್ಲಿ ನಿಂತ ಹೊತ್ತೂ ಪ್ರಯಾಣದ ಹೊತ್ತೇ. ಅದು ಹೆಚ್ಚುವುದು, ಕಡಿಮೆಯಾಗುವುದು ಬಹಳ ಮಟ್ಟಿಗೆ ಹತ್ತಿ ಇಳಿಯುವ ನಮ್ಮ ಕೈಯಲ್ಲಿದೆ.

ಅರ್ಥಶಾಸ್ತ್ರದಲ್ಲಿ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಓದಿದ್ದೇವಲ್ಲ, ಇಲ್ಲಿಯೂ ಅದೇ ಲೆಕ್ಕ. ಬೆಂಗಳೂರಿನ ನಮ್ಮ ಮೆಟ್ರೊವನ್ನೇ ತೆಗೆದುಕೊಳ್ಳಿ. ಬಾಗಿಲು ತೆರೆಯಲು, ಮುಚ್ಚಲು, ರೈಲು ಹೊರಡಲು ಕೆಲವು ಸೆಕೆಂಡು ಬೇಕೇ ಬೇಕು. ಒಬ್ಬರೇ ಇದ್ದರೂ ಅಷ್ಟೇ, ನೂರು ಜನರಿದ್ದರೂ ಅಷ್ಟೇ. ಇದು ಸ್ಥಿರ ಭಾಗ. ಜನ ಹತ್ತಿ ಇಳಿಯುವ ಹೊತ್ತು ಬದಲಾಗುವ ಭಾಗ.

ಆರು ಬೋಗಿಯ ಮೆಟ್ರೊ ರೈಲಿಗೆ ಒಂದು ಬದಿಯಲ್ಲಿ, ಬೋಗಿಗೆ ನಾಲ್ಕರಂತೆ, 24 ಬಾಗಿಲುಗಳು. ಮೆಜೆಸ್ಟಿಕ್‌ನಲ್ಲಿ ಹತ್ತುವವರು, ಇಳಿಯುವವರು ಸೇರಿ 480 ಜನ, ತಲಾ ಒಂದು ಸೆಕೆಂಡು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸಮನಾಗಿ ಹಂಚಿಕೊಂಡರೆ ಬಾಗಿಲಿಗೆ 20 ಜನ, 20 ಸೆಕೆಂಡು. ಆದರೆ ಎಸ್ಕಲೇಟರ್ ಹತ್ತಿರದ ಒಂದೇ ಬಾಗಿಲಿಗೆ 40 ಜನ ಸೇರಿದರೆ? ಉಳಿದ ಬಾಗಿಲುಗಳು ಖಾಲಿಯಾದರೂ ರೈಲು 40 ಸೆಕೆಂಡು ನಿಲ್ಲಬೇಕು, ಇಲ್ಲವೇ ಕೆಲವರನ್ನು ಬಿಟ್ಟು ಹೋಗಬೇಕು. ಅಂದರೆ ಇಲ್ಲಿ ಸರಾಸರಿಗೆ ಬೆಲೆಯಿಲ್ಲ. ಅತಿ ಹೆಚ್ಚು ಜನರಿರುವ ಬಾಗಿಲೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಈ ತಡ ಒಂದೇ ರೈಲಿಗೆ ಮುಗಿಯುವುದಿಲ್ಲ. ತಡವಾದಷ್ಟೂ ಮುಂದಿನ ನಿಲ್ದಾಣದಲ್ಲಿ ಕಾಯುವವರು ಹೆಚ್ಚುತ್ತಾರೆ, ಅಲ್ಲಿ ಇನ್ನಷ್ಟು ತಡವಾಗುತ್ತದೆ. ಮುಂದಿನ ರೈಲು ಪ್ಲಾಟ್‌ಫಾರ್ಮ್ ಬಿಡುವ ತನಕ ಹಿಂದಿನದು ಒಳಬರುವಂತಿಲ್ಲ. 3 ನಿಮಿಷಕ್ಕೊಂದು ರೈಲಾದರೆ ಗಂಟೆಗೆ 20 ರೈಲು. ಅದಕ್ಕಿಂತ ಹತ್ತಿರ ಓಡಿಸಲು ಜಾಗವಿಲ್ಲದ ಮಾರ್ಗದಲ್ಲಿ ಪ್ರತಿ ರೈಲೂ 15 ಸೆಕೆಂಡು ಹೆಚ್ಚು ನಿಂತರೆ, ಗಂಟೆಗೆ 18 ರೈಲು ಮಾತ್ರ. ಎರಡು ರೈಲಿನಷ್ಟು ಜನ ಪ್ಲಾಟ್‌ಫಾರ್ಮ್‌ನಲ್ಲೇ ಉಳಿದಂತಾಯಿತು.

ಊರಿಂದ ಊರಿಗೆ ಹೋಗುವ ರೈಲಿನಲ್ಲಿ ಕಷ್ಟ ಇನ್ನೂ ಹೆಚ್ಚು. ಸ್ಲೀಪರ್ ಬೋಗಿಯಲ್ಲಿ 72 ಅಥವಾ 80 ಬರ್ತ್‌ಗಳಿದ್ದರೂ ಒಂದು ಬದಿಗೆ ಎರಡೇ ಬಾಗಿಲು, ಅವೂ ಎರಡು ತುದಿಗಳಲ್ಲಿ. ಮೆಟ್ರೊದಲ್ಲಿ ಬೋಗಿಯ ನೆಲ ಪ್ಲಾಟ್‌ಫಾರ್ಮ್‌ನ ಮಟ್ಟಕ್ಕೇ ಇರುತ್ತದೆ. ತಗ್ಗಿನ ಪ್ಲಾಟ್‌ಫಾರ್ಮ್ ಇರುವ ಸಣ್ಣ ಸ್ಟೇಷನ್‌ಗಳಲ್ಲಿ ಮೆಟ್ಟಿಲು ಇಳಿಯಬೇಕು. ನನ್ನ ದಾದಿಗೆ ಮೊಣಕಾಲು ನೋವು. ನಮ್ಮ ಊರಿನಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ಅದಕ್ಕೇ ಅವರು ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಕೆಳಗಿನಿಂದ ಹತ್ತುವವರು ನುಗ್ಗಿದರೆ, ಅವರ ಎರಡು ನಿಮಿಷವನ್ನು ಬೇರೆಯವರು ತೆಗೆದುಕೊಂಡಂತೆ.

ನುಗ್ಗುವವರಿಗೂ ಲಾಭವಿಲ್ಲ. ಇಳಿಯುವವರು ಇಳಿದರೆ ತಾನೇ ಒಳಗೆ ಜಾಗ? ಇಬ್ಬರೂ ಎದುರುಬದುರಾದರೆ ಬಾಗಿಲೇ ಕಟ್ಟಿಹೋಗುತ್ತದೆ. ‘ಪೆಹಲೇ ಉತರ್ನೇ ದೋ’ ಎಂದು, ಮೊದಲು ಇಳಿಯಲು ಬಿಡಿ ಎಂದು, ಮನೆಯಲ್ಲಿ ಅಮ್ಮಿ ಹೇಳುವುದು ಬರೀ ಶಿಸ್ತಿನ ಮಾತಲ್ಲ, ಲೆಕ್ಕದ ಮಾತೂ ಹೌದು.

ಕಾಲೇಜಿಗೆ ರೈಲಿನಲ್ಲಿ ಬರುವ ಗೆಳೆಯ ಗೆಳತಿಯರೇ, ಇಷ್ಟು ಮಾಡೋಣ. ಪ್ಲಾಟ್‌ಫಾರ್ಮ್‌ನಲ್ಲಿ ಹರಡಿ ನಿಲ್ಲೋಣ. ಬಾಗಿಲಿನ ಎದುರಿಗಲ್ಲ, ಪಕ್ಕಕ್ಕೆ ನಿಲ್ಲೋಣ. ಬೆನ್ನಿನ ಬ್ಯಾಗನ್ನು ಕೈಯಲ್ಲಿ ಹಿಡಿದು ಒಳಗೆ ಸರಿಯೋಣ. ಓಡಿ ಬರುವ ಗೆಳೆಯನಿಗಾಗಿ ಮೆಟ್ರೊ ಬಾಗಿಲಿಗೆ ಕಾಲು ಅಡ್ಡ ಇಡುವುದು ಬೇಡ. ಅವನೊಬ್ಬನ ಹತ್ತು ಸೆಕೆಂಡಿಗೆ ರೈಲಿನಲ್ಲಿರುವ ಅಷ್ಟೂ ಜನ ತಲಾ ಹತ್ತು ಸೆಕೆಂಡು ಕೊಡಬೇಕಾಗುತ್ತದೆ.