ಎರವಲು ಮಣ್ಣು

ಬರೆಯುವುದು ಬೋಹೋ, ಊರವರ ಬಾಯಲ್ಲಿ ಬರೀ ಬೋ. ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯಲ್ಲಿ, ಎನಿಸ್ಕಿಲನ್ ಪೇಟೆಯಿಂದ ಹತ್ತು ಹನ್ನೊಂದು ಕಿಲೋಮೀಟರ್ ದೂರ, ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಹಳ್ಳಿ. ಮಳೆ ನಿಂತ ಮೇಲೂ ಬೇಲಿಯ ಮುಳ್ಳುಗಿಡ ತೊಟ್ಟಿಕ್ಕುತ್ತಲೇ ಇರುತ್ತದೆ. ಬುಡದಲ್ಲಿ ತುರಿಚೆ, ಅದರ ಪಕ್ಕದಲ್ಲೇ ಅಗಲ ಎಲೆಯ ಡಾಕ್. ತುರಿಚೆ ತಾಗಿದ ಮಕ್ಕಳು ಡಾಕ್ ಎಲೆ ಕಿತ್ತು ತಿಕ್ಕಿಕೊಳ್ಳುತ್ತವೆ. ಅದೇ ತುರಿಚೆಯ ಎಳೆ ಚಿಗುರನ್ನು ಮೇ ತಿಂಗಳಲ್ಲಿ ಬೇಯಿಸಿ ಮೂರು ಸಲ ಉಂಡರೆ ವರ್ಷವಿಡೀ ಕಾಯಿಲೆಯಿಲ್ಲ ಎಂಬುದು ಅಜ್ಜಿಯರ ಲೆಕ್ಕ.

ಚರ್ಚಿನ ಅಂಗಳದಲ್ಲಿ ಪಾದ್ರಿ ಜೇಮ್ಸ್ ಮೆಕ್‌ಗರ್ ಅವರ ಸಮಾಧಿ. ತೀರಿಕೊಂಡದ್ದು 1815ರಲ್ಲಿ. ಒಳ್ಳೆಯ ಕೈಗುಣವಂತೆ. ತಾನು ಬದುಕಿದ್ದಾಗ ವಾಸಿಮಾಡಿದ್ದನ್ನೆಲ್ಲ ತನ್ನ ಮೇಲೆ ಮುಚ್ಚುವ ಮಣ್ಣೂ ವಾಸಿಮಾಡೀತು ಎಂದು ಹೇಳಿ ಹೋದರೆಂದು ಪ್ರತೀತಿ. ಹಲ್ಲುನೋವಿನವರು, ಗಾಯ ಮಾಯದವರು ಇಲ್ಲಿ ಮೊಣಕಾಲೂರಿ, ಚಿಟಿಕೆ ಮಣ್ಣು ತೆಗೆದು, ಬಟ್ಟೆಯಲ್ಲಿ ಗಂಟುಕಟ್ಟಿ, ದಿಂಬಿನಡಿ ಇಟ್ಟು ಮಲಗುತ್ತಾರೆ. ಕರಾರು ಒಂದೇ: ನಾಲ್ಕನೆಯ ದಿನದೊಳಗೆ ಮಣ್ಣು ಇದ್ದಲ್ಲಿಗೇ ಮರಳಬೇಕು.

ನನಗೆ ಹಿಡಿಸಿದ್ದು ಈ ಕರಾರು. ಪಕ್ಕದ ಮನೆಯಿಂದ ಹೆಪ್ಪು ಈಸಿಕೊಂಡಂತೆ ಮದ್ದೂ ಎರವಲು. ಐರಿಷ್ ಹಳ್ಳಿಗಳಲ್ಲಿ 'ಅವರ ಹತ್ತಿರ ಕ್ಯೂರ್ ಇದೆ' ಎನ್ನುತ್ತಾರೆ: ಸುಟ್ಟಗಾಯಕ್ಕೆ ಒಂದು ಮನೆ, ಸರ್ಪಸುತ್ತಿಗೆ ಇನ್ನೊಂದು, ಹುಳುಕಡ್ಡಿಗೆ ಏಳನೆಯ ಮಗನಾಗಿ ಹುಟ್ಟಿದವನು. ದುಡ್ಡು ಮುಟ್ಟುವಂತಿಲ್ಲ; ಎಷ್ಟೋ ಕಡೆ ಥ್ಯಾಂಕ್ಸ್ ಕೂಡ ಹೇಳುವಂತಿಲ್ಲ. ನಾಯಿಕೆಮ್ಮಿನ ಮಗುವನ್ನು ಕತ್ತೆಯ ಹೊಟ್ಟೆಯಡಿ ಮೂರು ಬಾರಿ ದಾಟಿಸುವುದೂ ಇತ್ತು. 1937ರಿಂದ 1939ರವರೆಗೆ ಗಡಿಯಾಚೆಯ ಐರ್ಲೆಂಡಿನ ಶಾಲಾಮಕ್ಕಳು ಹಿರಿಯರಿಂದ ಕೇಳಿ ಬರೆದಿಟ್ಟ ಪುಟಗಳಲ್ಲಿ ಈ ಕತ್ತೆ ಮತ್ತೆ ಮತ್ತೆ ಸಿಗುತ್ತದೆ. ಅದರಿಂದ ಕೆಮ್ಮು ನಿಂತಿತೆಂದು ನಾನಂತೂ ನಂಬಲಾರೆ.

ಬೋಹೋದ ಮಣ್ಣಿನ ಮಾತು ಬೇರೆ. 2018ರಲ್ಲಿ ವೇಲ್ಸ್‌ನ ಸ್ವಾನ್ಸಿ ವಿಶ್ವವಿದ್ಯಾಲಯದ ತಂಡ ಅದರಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದ ಹೊಸದೊಂದು ಬ್ಯಾಕ್ಟೀರಿಯವನ್ನು ಗುರುತಿಸಿತು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಇದೇ ಕುಲದ ಮಣ್ಣುಜೀವಿಯಿಂದ. ಆಂಟಿಬಯೋಟಿಕ್‌ಗಳಿಗೆ ಜಗ್ಗದ ಎಂಆರ್‌ಎಸ್‌ಎ ಸೇರಿ ನಾಲ್ಕು ಬಗೆಯ ಆಸ್ಪತ್ರೆ ರೋಗಾಣುಗಳನ್ನು ಬೋಹೋದ ಬ್ಯಾಕ್ಟೀರಿಯ ಪ್ರಯೋಗಾಲಯದ ತಟ್ಟೆಯಲ್ಲಿ ತಡೆಯಿತು. ತಟ್ಟೆಯಲ್ಲಿ ಎಂಬ ಮಾತನ್ನು ನಿಧಾನವಾಗಿ ಓದಿ. ದಿಂಬಿನಡಿಯ ಗಂಟಿಗೆ ಅದು ಸಾಕ್ಷಿ ಹೇಳುವುದಿಲ್ಲ.

ಆ ಕಡೆ ಹೋದರೆ ಚೀಲ ತುಂಬಿಕೊಳ್ಳಬೇಡಿ. ಚಿಟಿಕೆ ಸಾಕು, ಅದನ್ನೂ ನಾಲ್ಕನೆಯ ದಿನದೊಳಗೆ ತಂದಿಟ್ಟುಬಿಡಿ.